ರಜೆಯಲ್ಲಿ ಶಾಲೆಗೆ ಬೀಗ ಹಾಕಬೇಡಿ, ಮಕ್ಕಳಿಗೆ ರಂಗಶಿಬಿರ ಕೊಡಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,
ಕಲಬುರಗಿಯಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಿಗೆ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಂದೆ-ತಾಯಂದಿರಿಗೆ,

ಮಾನ್ಯರೇ,

ಬರುವ ಬೇಸಿಗೆ ರಜೆಯಲ್ಲಿ ಈ ಮೂರೂ ಜಿಲ್ಲೆಗಳ ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಉಚಿತ ಮಕ್ಕಳ ರಂಗಶಿಬಿರ ನಡೆಸಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಜಿಲ್ಲಾ ಕೇಂದ್ರದಲ್ಲಿ ನಡೆಯುವ ಶಿಬಿರಗಳ ಮಾತು ಬೇರೆ. ನಾನು ಕೇಳುತ್ತಿರುವುದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ತಾಂಡಾಕ್ಕೆ ಹತ್ತಿರದ ವಸತಿ ಶಾಲೆಯಲ್ಲಿ ನಡೆಯುವಂಥದ್ದನ್ನು. ನಾನು ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮ ಭಾಗದ ರಂಗಕಲಾವಿದರು ಕೆಲವರು ಸೇರಿ ಬೇಸಿಗೆಯಲ್ಲಿ ಹಳ್ಳಿ ಶಾಲೆಯೊಂದರಲ್ಲಿ ಶಿಬಿರ ಮಾಡುವಾಗ ಜೊತೆಗಿರುತ್ತೇನೆ. ಹಾಜರಿ ಹಾಕುವುದು, ಮಜ್ಜಿಗೆ ಕೊಡುವುದು, ಮಾತು ಬಾಯಿಗೆ ಬಾರದ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ಓದಿಸುವುದು ನನ್ನ ಕೆಲಸ. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಏಪ್ರಿಲ್ ಎರಡನೇ ವಾರ ರಜೆ ಬಿದ್ದರೆ ನಮ್ಮ ಶಾಲೆಗಳು ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಗೆ. ಆ ಹೊತ್ತಿಗೆ ಬಿಸಿಲು 42-43 ಡಿಗ್ರಿ ಮುಟ್ಟಿರುತ್ತದೆ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಬೇಕಾಗುವ ಸೀಮೆ ಇದು. ಕಲಬುರಗಿ ನಗರದಲ್ಲಿ ಕೈಯಲ್ಲಿ ರೊಕ್ಕ ಇರುವವರ ಮಕ್ಕಳು ಈಜು, ನೃತ್ಯ, ಚಿತ್ರಕಲೆ, ಅಬಾಕಸ್ ಎಂದು ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಹಳ್ಳಿಯ ಮಕ್ಕಳಲ್ಲಿ ಕೆಲವರು ಅಪ್ಪ-ಅವ್ವನ ಬೆನ್ನುಹತ್ತಿ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಉಳಿದವರು ಮುತ್ಯಾ-ಆಯಿ ಹತ್ತಿರ ಇದ್ದು ಕುರಿ ಕಾಯುತ್ತಾರೆ, ಕೂಸುಗಳನ್ನು ಎತ್ತಿಕೊಂಡು ತಿರುಗುತ್ತಾರೆ, ಗುಡಿಕಟ್ಟೆಯ ಮೇಲೆ ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ಕುಳಿತಿರುತ್ತಾರೆ. ಕೆಲವು ಹುಡುಗಿಯರಿಗೆ ಮದುವೆ ಆಗಿಬಿಡುತ್ತದೆ. ಈ ಕೊನೆಯ ಮಾತಿಗೆ ಮುಂದೆ ಬರುತ್ತೇನೆ.

ಶಿಬಿರದ ಮೊದಲ ದಿನ ಮಕ್ಕಳನ್ನು ದುಂಡಗೆ ನಿಲ್ಲಿಸಿ ಹೆಸರು ಕೇಳುತ್ತಾರೆ. ಮುಕ್ಕಾಲು ಪಾಲು ಮಕ್ಕಳು ತಮ್ಮ ಹೆಸರನ್ನು ತಮ್ಮ ಎದೆಗೇ ಹೇಳಿಕೊಳ್ಳುತ್ತಾರೆ. ಕತ್ತು ಬಗ್ಗಿರುತ್ತದೆ, ಎಡಗೈ ಬಲಗೈಯನ್ನು ಹಿಡಿದಿರುತ್ತದೆ. ಎಂಟೊಂಬತ್ತು ವರ್ಷ ಶಾಲೆಗೆ ಬಂದ ಮಕ್ಕಳು ಇವರು. ತರಗತಿಯಲ್ಲಿ ನಾವು ಇವರಿಂದ ಕೇಳುವುದು ಎರಡೇ ಬಗೆಯ ದನಿ: ಎಲ್ಲರೂ ಕೂಡಿ ಒದರುವ ಉತ್ತರ, ಇಲ್ಲವೆ ಒಬ್ಬರೇ ಎದ್ದು ನಿಂತು ನುಂಗಿಕೊಂಡು ಹೇಳುವ ಉತ್ತರ. ರಂಗಶಿಕ್ಷಕರು ಇಲ್ಲಿಂದಲೇ ಕೆಲಸ ಶುರು ಮಾಡುತ್ತಾರೆ. ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ಎಳೆದುಕೊಳ್ಳುವುದು, ಬಿಡುವ ಉಸಿರಿನ ಮೇಲೆ ಒಂದು ಅಕ್ಷರ ಹಿಡಿದು ನಿಲ್ಲಿಸುವುದು, ಮೈದಾನದ ಆ ತುದಿಯಲ್ಲಿ ನಿಂತ ಗೆಳತಿಗೆ ಕೂಗದೆ, ಗಂಟಲು ಹರಿದುಕೊಳ್ಳದೆ ಮಾತು ಮುಟ್ಟಿಸುವುದು. ಮೈಕು ಇರುವುದಿಲ್ಲ. ಕೆಲವೇ ದಿನಗಳಲ್ಲಿ ಕತ್ತು ಎತ್ತುವುದನ್ನು ಕಣ್ಣಾರೆ ಕಾಣಬಹುದು. ಇದು ನಟನೆಗಷ್ಟೇ ಬೇಕಾದ ವಿದ್ಯೆಯಲ್ಲ. ನಾಳೆ ಇದೇ ಹುಡುಗಿ ತಹಶೀಲ್ ಕಚೇರಿಯ ಕಿಟಕಿಯ ಮುಂದೆ ನಿಂತು "ನಮ್ಮವ್ವಂದು ಪೆನ್ಶನ್ ಯಾಕ್ ನಿಂತದ ರೀ?" ಎಂದು ಕೇಳಬೇಕಾಗುತ್ತದೆ. ಕೇಳಲು ದನಿ ಬೇಕು.

ಕನ್ನಡ ಶಿಕ್ಷಕಿಯಾಗಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು. 'ಸಂತೆ' ಎಂದು ಪ್ರಬಂಧ ಬರೆಯಲು ಕೊಟ್ಟರೆ ನಮ್ಮ ಮಕ್ಕಳು "ನಾನು ಸಂತೆಗೆ ಹೋದೆನು. ಅಲ್ಲಿ ತರಕಾರಿಗಳನ್ನು ಮಾರುತ್ತಿದ್ದರು" ಎಂದು ಬರೆದು ನಿಲ್ಲುತ್ತಾರೆ. ಮೂರನೇ ವಾಕ್ಯಕ್ಕೆ ಗೈಡು ಹುಡುಕುತ್ತಾರೆ. ಅದೇ ಮಕ್ಕಳಿಗೆ ಶಿಬಿರದಲ್ಲಿ "ಈ ಪಡಸಾಲೆಯೇ ಸಂತಿ, ನಡೀರಿ" ಎಂದರೆ ಸಾಕು. ಒಬ್ಬಳು ಬದನೆಕಾಯಿ ಮಾರುತ್ತಾಳೆ, ಒಬ್ಬ ಚೌಕಾಸಿ ಮಾಡುತ್ತಾನೆ. ಒಬ್ಬ ತೂಕದಲ್ಲಿ ಮೋಸ ಮಾಡುತ್ತಾನೆ, ಮತ್ತೊಬ್ಬಳು ಅವನನ್ನು ಹಿಡಿದು ಬೈಯುತ್ತಾಳೆ. "ಏ ಕಾಕಾ, ಹ್ಯಾಂಗ್ ಕೊಟ್ಟಿ?" "ನಿನಗ ಬ್ಯಾಡಾದ್ರ ಬಿಡವ್ವಾ, ಬಾಯಿ ಯಾಕ್ ಮಾಡ್ಲತಿ?" ನಿಲ್ಲಿಸುವವರೆಗೆ ಮಾತು ನಿಲ್ಲುವುದಿಲ್ಲ. ಶಿಬಿರದ ಯುವಕರು ಇಲ್ಲಿಗೆ ಬಿಡುವುದಿಲ್ಲ, ಆಡಿದ್ದನ್ನೇ ಬರೆಯಿಸುತ್ತಾರೆ. ಪುಟ ತುಂಬುತ್ತದೆ. ತಪ್ಪುಗಳಿರುತ್ತವೆ, ಒತ್ತಕ್ಷರ ಬಿಟ್ಟಿರುತ್ತಾರೆ, ಅದನ್ನೆಲ್ಲ ತಿದ್ದಬಹುದು. ಬರೆದ ಮಾತು ಅವರದೇ ಆಗಿರುತ್ತದೆ, ಅದು ದೊಡ್ಡದು.

ನಮ್ಮ ತರಗತಿಗಳಲ್ಲಿ ಎಷ್ಟು ಭಾಷೆಗಳ ಮಕ್ಕಳು ಕೂಡುತ್ತಾರೆ ಎಂಬುದು ಬೆಂಗಳೂರಿನಲ್ಲಿ ಪಠ್ಯ ಮಾಡುವವರಿಗೆ ಸುಲಭವಾಗಿ ಅಂದಾಜಾಗುವುದಿಲ್ಲ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ. ಸೇಡಂ, ಗುರುಮಠಕಲ್ ಕಡೆ ತೆಲುಗು. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆ ಮರಾಠಿ. ಊರೂರಿಗೆ ದಖನಿ ಉರ್ದು. ಇವುಗಳ ಮೇಲೆ ಪುಸ್ತಕದ ಕನ್ನಡ ಬಂದು ಕುಳಿತಾಗ ಮಗು ಮೊದಲು ಕಲಿಯುವುದು ಸುಮ್ಮನಿರುವುದನ್ನು. ಶಿಬಿರದಲ್ಲಿ ಅಜ್ಜಿಯ ಪಾತ್ರ ಲಂಬಾಣಿಯಲ್ಲಿ ಹಾಡಬಹುದು, ಕಂಡಕ್ಟರ್ ಉರ್ದುವಿನಲ್ಲಿ ಗದರಬಹುದು, ಸೂತ್ರಧಾರ ಕನ್ನಡದಲ್ಲಿ ಕತೆ ಮುಂದಕ್ಕೆ ಒಯ್ಯಬಹುದು. ಹಾಗೆ ಆಡುತ್ತ ಆಡುತ್ತ ಎಲ್ಲರ ಕನ್ನಡವೂ ಬಲಿಯುತ್ತದೆ, ಯಾರ ಮನೆಮಾತಿಗೂ ಅವಮಾನ ಆಗುವುದಿಲ್ಲ. ಚಂದ್ರಕಾಂತ ಕುಸನೂರ, ಚೆನ್ನಣ್ಣ ವಾಲೀಕಾರರಂಥ ನಾಟಕಕಾರರನ್ನು ಕೊಟ್ಟ ನೆಲ ಇದು. ಈ ಭಾಗದ ಆಡುಮಾತನ್ನು ಅಶುದ್ಧ ಎಂದು ತಿದ್ದುವ ಶಿಕ್ಷಕರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

"ಮೊದಲು ಫಲಿತಾಂಶ ಸುಧಾರಿಸಲಿ, ಆಮೇಲೆ ನಾಟಕ" ಎನ್ನುತ್ತೀರಿ ಎಂದು ಬಲ್ಲೆ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ರಾಜ್ಯದ ಕೊನೆಯ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. ಆ ನೋವು ನನಗೂ ಇದೆ. ಅನುತ್ತೀರ್ಣರಾದ ಮಕ್ಕಳಲ್ಲಿ ನಾನು ಅಕ್ಷರ ತಿದ್ದಿಸಿದವರೂ ಇರುತ್ತಾರೆ. ನಾವು ಮಾಡಿದ್ದೇನು? ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಉತ್ತೀರ್ಣರಾಗುವುದಕ್ಕೆಂದೇ ಮಾಡಿದ ಪ್ರಶ್ನೆಗಳ ಕಟ್ಟು. ಓದಿ ಅರ್ಥ ಮಾಡಿಕೊಳ್ಳಲಾಗದ ಮಗುವಿಗೆ ಇನ್ನಷ್ಟು ಬಾಯಿಪಾಠ ಕೊಟ್ಟೆವು. ಶಿಬಿರದಲ್ಲಿ ನಾನು ಕಂಡ ಹುಡುಗನೊಬ್ಬ ಏಳನೆಯ ತರಗತಿ ಮುಗಿಸಿಯೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಅವನಿಗೆ ಮಂತ್ರಿಯ ಪಾತ್ರ ಬಂತು. ಪಾತ್ರ ಕೈಬಿಟ್ಟು ಹೋಗಬಾರದು ಎಂಬ ಹಟಕ್ಕೆ ಬಿದ್ದು ಒಂದೇ ಹಾಳೆಯನ್ನು ಮತ್ತೆ ಮತ್ತೆ ಓದಿದ. ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಎಂದು ಕೇಳಿ ಕೇಳಿ ತಿಳಿದುಕೊಂಡ. ಒಂದೇ ಪಠ್ಯವನ್ನು ಅರ್ಥವರಿತು ಮತ್ತೆ ಮತ್ತೆ ಗಟ್ಟಿಯಾಗಿ ಓದುವುದರಿಂದ ಓದಿನ ಓಘ ಬರುತ್ತದೆ ಎಂಬುದು ಓದು ಕಲಿಸುವ ಯಾವ ಶಿಕ್ಷಕರಿಗೂ ಹೊಸ ಸಂಗತಿಯಲ್ಲ. ಮಗುವಿಗೆ ಹಾಗೆ ಓದಲು ಕಾರಣ ಬೇಕು. ನಾಟಕ ಆ ಕಾರಣ ಕೊಡುತ್ತದೆ. ಫಲಿತಾಂಶದ ಚಿಂತೆ ನಿಜವಾಗಿದ್ದರೆ ಶಿಬಿರವನ್ನು ಮುಂದೂಡಬೇಡಿ.

ಉಗ್ಗು ಇರುವ ಮಕ್ಕಳ ಬಗ್ಗೆ ಒಂದು ಮಾತು. ಗುಂಪಿನಲ್ಲಿ ಒಟ್ಟಾಗಿ ಹೇಳುವಾಗ, ಹಾಡುವಾಗ ಉಗ್ಗು ತಗ್ಗುವುದು ವಾಕ್ ಚಿಕಿತ್ಸಕರಿಗೆ ಚೆನ್ನಾಗಿ ಗೊತ್ತಿದೆ. ಶಿಬಿರದಿಂದ ಉಗ್ಗು ವಾಸಿಯಾಗುತ್ತದೆ ಎಂದು ಯಾರೂ ಭರವಸೆ ಕೊಡಬಾರದು. ಆದರೆ ರಂಗಗೀತೆಯ ಮೇಳದಲ್ಲಿ ನಿಂತು ತಡೆಯಿಲ್ಲದೆ ಒಂದು ಸಾಲು ಹೇಳಿದ ಮಗು ತನ್ನ ನಾಲಿಗೆಯನ್ನು ಅಷ್ಟೊಂದು ಹಗೆಯಂತೆ ಕಾಣುವುದಿಲ್ಲ.

ಈಗ ಎಲ್ಲರೂ ಮುಜುಗರಪಡುವ ವಿಷಯ. ನಮ್ಮ ಊರುಗಳಲ್ಲಿ ಮಕ್ಕಳು ಓಣಿಯ ಪ್ರಕಾರ ಕೂಡುತ್ತಾರೆ. ಶಾಲೆಯಲ್ಲಿ ಒಟ್ಟಿಗೆ ಉಂಡರೂ ಸಾಲು ತಾನಾಗಿಯೇ ಬೇರೆ ಬೇರೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. ಶಿಬಿರದಲ್ಲಿ ಕನ್ನಡಿಯಾಟ ಆಡಿಸುತ್ತಾರೆ: ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅದೇ ಗಳಿಗೆಯಲ್ಲಿ ಮಾಡಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಅದು ಆಗುವುದೇ ಇಲ್ಲ. ಮತ್ತೊಂದರಲ್ಲಿ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಬ್ಬರು ಕೈ ಹಿಡಿದು ಅಂಗಳ ಸುತ್ತಿಸಿಕೊಂಡು ಬರಬೇಕು. ಯಾರ ಕೈ ಎಂದು ಕೇಳುವಂತಿಲ್ಲ. ಮೊದಲ ದಿನ ಕೈ ಹಿಡಿಯಲು ಹಿಂಜರಿದ ಮಕ್ಕಳು ವಾರ ಕಳೆಯುವುದರೊಳಗೆ ಒಬ್ಬರ ಬೆನ್ನ ಮೇಲೆ ಒಬ್ಬರು ಹತ್ತಿ ಕೋಟೆ ಗೋಡೆ ಆಗಿರುತ್ತಾರೆ.

ಪಾತ್ರ ಹಂಚುವಾಗಲೂ ಇದೇ ಪರೀಕ್ಷೆ. ರಾಜಕುಮಾರಿಗೆ ಬಿಳಿ ಮೈಬಣ್ಣ, ರಾಕ್ಷಸನಿಗೆ ಕಪ್ಪು; ರಾಜನ ಪಾತ್ರ ಊರಗೌಡರ ಮನೆಯ ಹುಡುಗನಿಗೆ, ಕಸ ಗುಡಿಸುವ ಪಾತ್ರ ಯಾರಿಗೆ ಎಂದು ಹೇಳಬೇಕಾಗಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಒಳ್ಳೆಯ ಶಿಬಿರದಲ್ಲಿ ಪಾತ್ರಗಳು ದಿನಕ್ಕೊಬ್ಬರಂತೆ ತಿರುಗುತ್ತವೆ. ಇಂದು ರಾಜನಾದವನು ನಾಳೆ ಪಲ್ಲಕ್ಕಿ ಹೊರುತ್ತಾನೆ. ಹೆಗಲಿಗೆ ಭಾರ ಬಿದ್ದಾಗ ಮೇಲೆ ಕುಳಿತವನನ್ನು ಹೇಗೆ ನೋಡುತ್ತೇವೆ ಎಂದು ಮೈಗೆ ತಿಳಿಯುತ್ತದೆ. ಸಮಾನತೆಯ ಪಾಠವನ್ನು ಎಷ್ಟೋ ವರ್ಷ ಪುಸ್ತಕದಿಂದ ಕಲಿಸಿದ್ದೇನೆ. ಮಕ್ಕಳ ಮೈಗೆ ಅದು ತಿಳಿದದ್ದನ್ನು ಕಂಡದ್ದು ಇಲ್ಲಿ.

ರಂಗದ ಮೇಲೆ ಬರಲು ಒಪ್ಪದ ಮಕ್ಕಳೂ ಇರುತ್ತಾರೆ. ಒತ್ತಾಯ ಸಲ್ಲದು. ಹಳೆ ಪೇಪರು, ಮೈದಾ ಅಂಟು ಸೇರಿಸಿ ಮುಖವಾಡ ಮಾಡುವುದು, ಪರದೆಯ ಹಗ್ಗಕ್ಕೆ ಜಾರದ ಗಂಟು ಹಾಕುವುದು, ಯಾವ ಪಾತ್ರಕ್ಕೆ ಯಾವ ಸಾಮಾನು ಯಾವ ಗಳಿಗೆಯಲ್ಲಿ ಕೈಗೆ ಕೊಡಬೇಕು ಎಂದು ಪಟ್ಟಿ ಇಡುವುದು, ದೀಪ ನೋಡಿಕೊಳ್ಳುವುದು ಇವರ ಪಾಲಿಗೆ ಬರುತ್ತದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇಡೀ ನಾಟಕದ ಸಾಮಾನು ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಂದು ಕೋಲೂ ತಪ್ಪದಂತೆ ನಡೆಸಿದ್ದನ್ನು ನೋಡಿ ಅವಳ ಗಣಿತ ಶಿಕ್ಷಕರೇ ಬೆರಗಾದರು. ಅವಳು ಜಾಣೆ ಎಂದು ಅವರಿಗೆ ಅಲ್ಲಿಯತನಕ ತಿಳಿದಿರಲಿಲ್ಲ.

ಇನ್ನು ಆ ಮದುವೆಯ ಮಾತು. ನಮ್ಮಲ್ಲಿ ಬಸವ ಜಯಂತಿಯ ಆಸುಪಾಸು ಮದುವೆಗಳ ಸುಗ್ಗಿ. ಶಾಲೆ ಮುಚ್ಚಿರುವುದೂ ಅದೇ ಕಾಲಕ್ಕೆ. ಹದಿನಾಲ್ಕು, ಹದಿನೈದರ ಹುಡುಗಿಯ ಮದುವೆ ಮಾಡುವವರಿಗೆ ಇದಕ್ಕಿಂತ ಅನುಕೂಲದ ಹೊತ್ತಿಲ್ಲ. ಹಾಜರಿ ಪುಸ್ತಕ ಕಪಾಟಿನಲ್ಲಿರುತ್ತದೆ, ಶಿಕ್ಷಕರು ಊರಲ್ಲಿರುವುದಿಲ್ಲ, ಅವಳೆಲ್ಲಿ ಎಂದು ಕೇಳುವವರೇ ಇಲ್ಲ. ಜೂನ್‌ನಲ್ಲಿ ನಾವು ಹೆಸರು ಕೂಗಿದಾಗ "ಅಕೀದು ಲಗ್ನ ಆಯ್ತ್ರೀ ಟೀಚರ್" ಎಂದು ಗೆಳತಿಯರು ಹೇಳುತ್ತಾರೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಿಂದ ಇದೆ, 1098 ಮಕ್ಕಳ ಸಹಾಯವಾಣಿ ಇದೆ, ಆದರೆ ಕರೆ ಮಾಡಲು ಯಾರಿಗಾದರೂ ಮೊದಲು ಸುದ್ದಿ ತಿಳಿಯಬೇಕಲ್ಲ. ಶಿಬಿರ ಎಂದರೆ ಏಪ್ರಿಲ್-ಮೇ ತಿಂಗಳಲ್ಲೂ ಒಂದು ಹಾಜರಿ ಪುಸ್ತಕ ತೆರೆದಿರುತ್ತದೆ. ಅವಳು ಎರಡು ದಿನ ಬಾರದಿದ್ದರೆ ನಾವು ಮನೆಗೆ ಹೋಗುತ್ತೇವೆ. ನಾಟಕದಲ್ಲಿ ಅವಳಿಗೊಂದು ಪಾತ್ರವಿದೆ, ಅವಳಿಲ್ಲದೆ ದೃಶ್ಯ ನಡೆಯುವುದಿಲ್ಲ, ಗೆಳತಿಯರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಬ್ಯಾಡ" ಎಂದು ಗಟ್ಟಿಯಾಗಿ ಹೇಳುವುದನ್ನೂ ಅವಳು ಅದೇ ಅಂಗಳದಲ್ಲಿ ಅಭ್ಯಾಸ ಮಾಡಿರುತ್ತಾಳೆ. ಬೇರೆ ಯಾವ ಲಾಭ ಇಲ್ಲದಿದ್ದರೂ ಈ ಒಂದು ಕಾರಣಕ್ಕೆ ಶಿಬಿರ ನಡೆಯಬೇಕು ಎಂದು ನಾನು ನಂಬಿದ್ದೇನೆ.

ನಾಟಕ ನಮಗೆ ಹೊರಗಿನಿಂದ ತರಬೇಕಾದ ವಸ್ತುವಲ್ಲ. ದೊಡ್ಡಾಟ, ಬಯಲಾಟ ನೋಡುತ್ತ ಬೆಳಗು ಮಾಡಿದ ಊರುಗಳಿವು. ಶರಣಬಸವೇಶ್ವರ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುವುದನ್ನು ಕಾಯುವವರು ಇಂದಿಗೂ ಇದ್ದಾರೆ. ಕಲಬುರಗಿಯಲ್ಲಿ ಸರ್ಕಾರದ ರಂಗಸಂಸ್ಥೆ ರಂಗಾಯಣವಿದೆ, ಎಸ್.ಎಂ. ಪಂಡಿತ್ ರಂಗಮಂದಿರವಿದೆ. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಬೆಳೆದ ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅಲ್ಲಿ 'ಚಿನ್ನರ ಮೇಳ' ಎಂಬ ಬೇಸಿಗೆಯ ಮಕ್ಕಳ ಶಿಬಿರದ ಅರ್ಜಿಗೆ ಪೋಷಕರು ಸಾಲುಗಟ್ಟಿ ನಿಲ್ಲುತ್ತಾರೆ. ಆ ಭಾಗ್ಯ ಚಿಂಚೋಳಿಯ ಕುಂಚಾವರಂ ಕಡೆಯ ತಾಂಡಾದ ಮಗುವಿಗೂ ಸಿಗಲಿ. ಅಲ್ಲಿಂದ ಕಲಬುರಗಿ ನಗರಕ್ಕೆ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ, ಹಾಗಾಗಿ ಶಿಬಿರವೇ ಅಲ್ಲಿಗೆ ಹೋಗಬೇಕು. ಕಲಿಸುವವರ ಕೊರತೆಯೂ ಇಲ್ಲ. ನೀನಾಸಮ್, ಸಾಣೇಹಳ್ಳಿ, ರಂಗಾಯಣಗಳಲ್ಲಿ ರಂಗಶಿಕ್ಷಣ ಪಡೆದು ಬಂದ ನಮ್ಮ ಭಾಗದ ಹುಡುಗ-ಹುಡುಗಿಯರು ಇಲ್ಲಿ ಕೆಲಸವಿಲ್ಲದೆ ಬೆಂಗಳೂರಿನ ಧಾರಾವಾಹಿಗಳ ಬಾಗಿಲು ಕಾಯುತ್ತಿದ್ದಾರೆ.

ಖರ್ಚಿನ ಮಾತಿಗೆ ಬರೋಣ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ಸುಮ್ಮನೆ ಬಂದದ್ದಲ್ಲ. ಅದರ ಬಲದಿಂದ ಹುಟ್ಟಿದ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ, 2025-26ರಲ್ಲೂ ಅಷ್ಟೇ ಹಣ ಘೋಷಣೆಯಾಯಿತು. ಕೋಣೆ ಕಟ್ಟಿದ್ದೀರಿ, ಸ್ಮಾರ್ಟ್ ಕ್ಲಾಸ್ ಹಾಕಿಸಿದ್ದೀರಿ, ಅದು ಬೇಕಾಗಿತ್ತು. ಆ ಕೋಣೆಗಳಿಗೆ ಬೇಸಿಗೆ ತುಂಬ ಬೀಗ. ನಮ್ಮ ಶಿಬಿರಕ್ಕೆ ಒಂದು ಶಾಲೆಯ ಪಡಸಾಲೆ ಕೇಳಿದಾಗ "ರಜೆಯಲ್ಲಿ ಏನಾದರೂ ಆದರೆ ಯಾರು ಜವಾಬ್ದಾರಿ?" ಎಂಬ ಪ್ರಶ್ನೆಯೇ ಉತ್ತರವಾಗಿ ಬಂತು, ಕೀಲಿಕೈ ಬರಲಿಲ್ಲ. ಆ ಮುಖ್ಯ ಶಿಕ್ಷಕರನ್ನು ನಾನು ದೂರುವುದಿಲ್ಲ. ಮೇಲಿನಿಂದ ಒಂದು ಸುತ್ತೋಲೆ ಇಲ್ಲದೆ ಅವರು ಹೇಗೆ ಕೊಟ್ಟಾರು? ಮೊದಲು ಆ ಸುತ್ತೋಲೆ ಹೊರಡಿಸಿ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಮಲಗುವ ಕೋಣೆ, ಅಡುಗೆಮನೆ, ನೀರು, ಕಾಂಪೌಂಡ್ ಎಲ್ಲ ಇದ್ದು ರಜೆಯಲ್ಲಿ ಖಾಲಿ ಬಿದ್ದಿರುತ್ತವೆ. ಗುಳೆ ಹೋಗುವವರ ಮಕ್ಕಳಿಗೆ ಅಲ್ಲಿಯೇ ವಸತಿ ಸಹಿತ ಶಿಬಿರ ಮಾಡಬಹುದು. ಊಟ-ವಸತಿ ಗಟ್ಟಿಯಿದ್ದರೆ ಮಗುವನ್ನು ಬಿಟ್ಟುಹೋಗಲು ತಂದೆ-ತಾಯಿ ಒಪ್ಪುತ್ತಾರೆ. ಉಳಿದ ಕಡೆ ಶಾಲೆಯ ಬಿಸಿಯೂಟದ ಅಡುಗೆಮನೆ ತೆರೆಯಿರಿ. 2024ರ ಬರಗಾಲದಲ್ಲಿ ರಜೆಯಲ್ಲೂ ಬಿಸಿಯೂಟ ನಡೆಸಿದ ಸರ್ಕಾರಕ್ಕೆ ಇದು ಕಷ್ಟವಲ್ಲ. ಅಡುಗೆಯ ತಾಯಂದಿರಿಗೆ ಆ ತಿಂಗಳ ಗೌರವಧನವನ್ನು ತಪ್ಪದೆ ಕೊಡಬೇಕು. ವೇಳೆ ಬೆಳಿಗ್ಗೆ ಏಳರಿಂದ ಹನ್ನೊಂದು. ಬಿಸಿಲೇರುವ ಮೊದಲೇ ಮಕ್ಕಳು ಉಂಡು ಮನೆ ಸೇರಿರಬೇಕು. ಒಆರ್‌ಎಸ್ ಪೊಟ್ಟಣ, ಕುಡಿಯುವ ನೀರು, ಆಶಾ ಕಾರ್ಯಕರ್ತೆಯ ಭೇಟಿ ಕಡ್ಡಾಯ. ಹುಡುಗಿಯರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಹುಡುಗರಿಗೂ ಶಿಬಿರದ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಹೋಗಿಬರಲು ಸಾರಿಗೆ ನಿಗಮಕ್ಕೆ ಹೇಳಿ. ಕಲಿಸಲು ಬರುವವರ ಪೂರ್ವಾಪರವನ್ನು ಪೊಲೀಸರಿಂದ ಪರಿಶೀಲಿಸಿ, ಪ್ರತಿ ಶಿಬಿರದಲ್ಲಿ ಇಬ್ಬರಾದರೂ ಮಹಿಳೆಯರು ಇರಲಿ, ಪೋಕ್ಸೊ ಕಾಯ್ದೆಯ ತಿಳಿವಳಿಕೆ ಮೊದಲ ದಿನವೇ ಎಲ್ಲರಿಗೂ ಆಗಲಿ. ಇದರಲ್ಲಿ ರಾಜಿ ಬೇಡ.

ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಕೊನೆಯ ದಿನದ ನಾಟಕ ನೋಡಲು ಬನ್ನಿ, ಆದರೆ ಅದರಿಂದಲೇ ಶಿಬಿರವನ್ನು ಅಳೆಯಬೇಡಿ. ನಿಮ್ಮ ಮಗಳಿಗೆ ಎರಡೇ ಮಾತು ಸಿಕ್ಕಿತೆಂದು ಬೇಸರ ಪಡಬೇಡಿ. ಟಿವಿಗೆ ಯಾವಾಗ ಬರುತ್ತಾಳೆ ಎಂದು ಕೇಳಬೇಡಿ. ಬಹುಮಾನ, ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದು ಶಿಬಿರದೊಳಗೆ ಕಾಲಿಡಕೂಡದು. ಮಂಡಳಿಯವರೂ ಅಷ್ಟೇ: ಸಮಾರೋಪದ ಫೋಟೊಗಾಗಿ ಮಕ್ಕಳನ್ನು ಅತಿಥಿಗಳ ಭಾಷಣ ಮುಗಿಯುವ ತನಕ ಬಣ್ಣ ಹಚ್ಚಿ ಸೆಕೆಯಲ್ಲಿ ಕೂಡಿಸಬೇಡಿ.

ತಾಲ್ಲೂಕುಗಳ ಆಯ್ಕೆ, ರಂಗಶಿಕ್ಷಕರ ಗೌರವಧನ, ಶಾಲೆ ಬಿಟ್ಟುಕೊಡುವ ಸುತ್ತೋಲೆ ಇವು ಮೂರೂ ಜನವರಿಯೊಳಗೆ ತೀರ್ಮಾನವಾದರೆ ಏಪ್ರಿಲ್‌ಗೆ ಶಿಬಿರ ಶುರು ಮಾಡಬಹುದು. ಮಾರ್ಚ್ ಕೊನೆಯಲ್ಲಿ ಹಣ ಬಿಡುಗಡೆಯಾದರೆ ಬಿಲ್ಲು ಆಗುತ್ತದೆ, ಶಿಬಿರ ಆಗುವುದಿಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳಲ್ಲಿ ಸಂಬಳ ಬಯಸದೆ ಹಾಜರಿ, ಓದು, ಮನೆಭೇಟಿಯ ಕೆಲಸಕ್ಕೆ ಬರಲು ನನ್ನಂಥ ನಿವೃತ್ತ ಶಿಕ್ಷಕಿಯರು ಹಲವರು ಒಪ್ಪಿದ್ದಾರೆ. ಸಭೆ ಕರೆಯಿರಿ, ದಿನ ತಿಳಿಸಿರಿ. ಯಾವ ಶಾಲೆಯಲ್ಲಿ ನೀರಿದೆ, ಯಾವುದರಲ್ಲಿ ಫ್ಯಾನು ನಡೆಯುತ್ತದೆ, ಯಾವ ತಾಂಡಾಕ್ಕೆ ಬಸ್ ಹೋಗುತ್ತದೆ ಎಂಬ ವಿವರದೊಂದಿಗೆ ಬರುತ್ತೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ